ಕೂಸಿನ ಜತೆ ಬೆಟ್ಟದ ಕ್ಯಾಬಿನ್: ಯಾವ ಮಾದರಿ ಸರಿ, ಯಾವುದು ಬೇಡ

ಬೆಟ್ಟದ ಕ್ಯಾಬಿನ್‌ಗಳ ಫೋಟೊಗಳಲ್ಲಿ ಮೊದಲು ಕಾಣುವುದು ಕಣಿವೆಯ ಮೇಲೆ ಚಾಚಿಕೊಂಡ ಮರದ ಜಗಲಿ. ಆಮೇಲೆ ನೆಲದಿಂದ ಸೂರಿನವರೆಗಿನ ಗಾಜು, ಅದಾದ ಮೇಲೆ ಅಟ್ಟದಲ್ಲಿ ಹಾಸಿದ ಹಾಸಿಗೆ. ಒಂದು ವರ್ಷದೊಳಗಿನ ಮಗುವನ್ನು ಕರೆದೊಯ್ಯುವವರು ಈ ಮೂರನ್ನೂ ಅನುಮಾನದಿಂದಲೇ ನೋಡಬೇಕು. ಜಗಲಿಯ ಕಟಕಟೆಯಲ್ಲಿ ಅಂಬೆಗಾಲಿಡುವ ಮಗು ನುಸುಳುವಷ್ಟು ಸಂದಿರುತ್ತದೆ, ಗಾಜಿನ ಕೋಣೆ ಹಗಲು ಕಾದು ರಾತ್ರಿ ಕೊರೆಯುತ್ತದೆ, ಅಟ್ಟಕ್ಕೆ ಹತ್ತಬೇಕಾದದ್ದು ಏಣಿಯಲ್ಲಿ. ನೋಟ ಚೆನ್ನಾಗಿರುವ ಮನೆ ಹೆಚ್ಚಾಗಿ ಬೆಟ್ಟದ ಅಂಚಿನಲ್ಲೇ ಇರುತ್ತದೆ. ಅಂಚಿನ ಮನೆಗೆ ಗಾಳಿ ಜಾಸ್ತಿ, ದಾರಿ ಕಡಿದು, ಮಗುವನ್ನು ಇಳಿಸಿ ಬಿಡಲು ಅಂಗಳ ಅಂತ ಸಮತಟ್ಟು ಜಾಗವೇ ಇರುವುದಿಲ್ಲ.

ಹಾಗಾಗಿ ಇಲ್ಲಿ ಬಾಡಿಗೆಗೆ ಸಿಗುವ ಬೆಟ್ಟದ ಮನೆಗಳನ್ನು ಮೂರೇ ವಿಷಯದಲ್ಲಿ ತೂಗಿದ್ದೇವೆ: ರಾತ್ರಿ ಮಗು ಮಲಗುವ ಕೋಣೆ ಹೇಗಿದೆ, ಹೊಸಿಲು ದಾಟಿದ ಮೇಲೆ ಕಾರು ಹತ್ತದೆ ಎಷ್ಟು ದೂರ ನಡೆಯಬಹುದು, ಮಗುವಿಗೆ ಹುಷಾರು ತಪ್ಪಿದರೆ ವೈದ್ಯರ ಬಳಿ ಎಷ್ಟು ನಿಮಿಷದಲ್ಲಿ ಹೋಗಿ ಮುಟ್ಟಬಹುದು. ನೋಟಕ್ಕೆ ಅಂಕ ಕೊಟ್ಟಿಲ್ಲ. ಮಗು ನಿದ್ದೆ ಮಾಡಿದ ಮನೆಯಿಂದ ಹತ್ತು ನಿಮಿಷ ನಡೆದರೆ ನೋಟ ಸಿಕ್ಕೇ ಸಿಗುತ್ತದೆ. ರಾತ್ರಿಯೆಲ್ಲ ಮಗು ಎದ್ದು ಅತ್ತ ಮನೆಯಲ್ಲಿ, ಮಾರನೆಯ ಬೆಳಿಗ್ಗೆ ನಡೆಯಲು ಹೊರಡುವ ಚೈತನ್ಯ ಯಾರಿಗೂ ಉಳಿದಿರುವುದಿಲ್ಲ.

ಮಾದರಿ ಮಾದರಿಯಾಗಿ

ಎ-ಫ್ರೇಮ್, ಅಂದರೆ ಸೂರೇ ಗೋಡೆಯಾಗಿ ನೆಲಕ್ಕಿಳಿಯುವ ತ್ರಿಕೋನದ ಮನೆ: 10ಕ್ಕೆ 3. ಹೊರಗಿನಿಂದ ಎಷ್ಟು ಚೆಂದವೋ ಒಳಗೆ ಮಗುವಿನ ಜತೆ ಅಷ್ಟೇ ಇಕ್ಕಟ್ಟು. ಗೋಡೆ ಓರೆ ಇರುವುದರಿಂದ ಮಗುವಿನ ಮಂಚವನ್ನು ಬದಿಗೆ ಒತ್ತಿಡಲು ಆಗುವುದಿಲ್ಲ. ನಡುವೆ ಇಟ್ಟರೆ ಓಡಾಡಲು ಜಾಗವಿಲ್ಲ. ಮಲಗುವ ಜಾಗ ಬಹುಪಾಲು ಅಟ್ಟದಲ್ಲೇ. ಬಿಸಿಗಾಳಿ ಮೇಲೇರಿ ಅಲ್ಲೇ ನಿಲ್ಲುತ್ತದೆ: ಕೆಳಗೆ ಹೀಟರ್ ಹಾಕಿ ಕುಳಿತವರಿಗೆ ಇನ್ನೂ ಚಳಿ, ಮೇಲೆ ಮಲಗಿದ ಮಗುವಿನ ಕತ್ತಿನ ಹಿಂಭಾಗ ಬೆವರಿ ಒದ್ದೆ. ನಡುರಾತ್ರಿ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಬಾಟಲಿ ಹಿಡಿದು ಆ ಏಣಿ ಇಳಿಯುವುದನ್ನು ನೆನೆಸಿಕೊಳ್ಳಿ. ‘ಮೆಟ್ಟಿಲಿಗೆ ಗೇಟು ಹಾಕಿದ್ದೇವೆ’ ಅಂದರೆ ಯಾವ ಗೇಟು ಅಂತ ಕೇಳಿ. ಎರಡು ಗೋಡೆಗಳ ನಡುವೆ ಬರೀ ಒತ್ತಡದಿಂದ ನಿಲ್ಲುವ ಗೇಟನ್ನು ಮೆಟ್ಟಿಲ ಮೇಲ್ತುದಿಗೆ ಹಾಕಲೇಬಾರದು. ಮಗು ಮೈಭಾರ ಬಿಟ್ಟು ನೂಕಿದರೆ ಅದು ಕಳಚಿಕೊಳ್ಳಬಹುದು, ಜತೆಗೆ ಅದರ ಕೆಳಗಿನ ಪಟ್ಟಿ ದೊಡ್ಡವರ ಕಾಲಿಗೆ ತೊಡರುತ್ತದೆ. ಅಲ್ಲಿಗೆ ಸ್ಕ್ರೂ ಹಾಕಿ ಬಿಗಿದ ಗೇಟೇ ಬೇಕು. ನೆಲಮಟ್ಟದಲ್ಲಿ ಬಾಗಿಲು ಮುಚ್ಚಬಹುದಾದ ಒಂದು ಕೋಣೆ ಇದ್ದರೆ ಎ-ಫ್ರೇಮ್‌ಗೆ 5 ಅಂಕ ಕೊಡಬಹುದು, ಅದಕ್ಕಿಂತ ಹೆಚ್ಚಿಲ್ಲ.

ಡೋಮ್ (ಅರ್ಧಗೋಳದ ಆಕಾರದ ಗುಡಾರ) ಮತ್ತು ಐಷಾರಾಮಿ ಟೆಂಟು: 2. ಬಟ್ಟೆ ಅಥವಾ ಪ್ಲಾಸ್ಟಿಕ್ ಹೊದಿಕೆಗೆ ಬಿಸಿ ಹಿಡಿದಿಡುವ ಗುಣವೇ ಇಲ್ಲ. ರಾತ್ರಿ ಮೂವರ ಉಸಿರಿನ ತೇವ ತಣ್ಣನೆಯ ಹೊದಿಕೆಗೆ ತಾಗಿ ಹನಿಯಾಗಿ ಇಳಿಯುತ್ತದೆ. ಬೆಳಗಿನ ಜಾವ ಹಾಸಿಗೆಯ ಅಂಚು ಒದ್ದೆ. ಬೆಳಿಗ್ಗೆ ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೆ ಒಳಗೆ ಕುದಿ. ಹಗಲು ನಿದ್ದೆಗೆ ಕತ್ತಲೆ ಮಾಡಲು ಸಾಧ್ಯವಿಲ್ಲ. ಗಾಳಿ ಬೀಸಿದರೆ ಬಟ್ಟೆ ಪಟಪಟ ಬಡಿದುಕೊಳ್ಳುತ್ತದೆ. ಮಗು ದೊಡ್ಡದಾದ ಮೇಲೆ ನೋಡಿಕೊಳ್ಳಬಹುದು.

ದಿಮ್ಮಿಯ ಮನೆ: 7. ಮರ ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ, ದಿಮ್ಮಿಗಳ ನಡುವಿನ ಸಂದು ಸರಿಯಾಗಿ ತುಂಬಿದ್ದರೆ ಕೋಣೆಯ ಶಾಖ ರಾತ್ರಿಯಿಡೀ ಒಂದೇ ಮಟ್ಟದಲ್ಲಿ ಇರುತ್ತದೆ. ಸಂದು ಬಿಟ್ಟುಕೊಂಡ ಮನೆಯಲ್ಲಿ ನೆಲದ ಮಟ್ಟದಲ್ಲಿ ಗಾಳಿ ನುಗ್ಗುತ್ತದೆ, ಮಗು ಆಡುವುದೂ ಅದೇ ಮಟ್ಟದಲ್ಲಿ. ಒಳಗೆ ಕಾಲಿಟ್ಟ ಕೂಡಲೇ ನೆಲದಿಂದ ಒಂದು ಗೇಣು ಮೇಲೆ ಗೋಡೆಯುದ್ದಕ್ಕೂ ಒದ್ದೆ ಕೈ ಆಡಿಸಿ. ಗಾಳಿ ಎಲ್ಲಿಂದ ಬರುತ್ತಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಹಳೆಯ ಮರದ ನೆಲದಲ್ಲಿ ಸಿಬಿರು ಏಳುವುದುಂಟು, ಅಂಬೆಗಾಲಿಡುವ ಮಗುವಿಗೆ ದಪ್ಪ ಜಮಖಾನೆಯೊಂದು ಕಾರಿನಲ್ಲಿರಲಿ.

ಕಲ್ಲಿನ ಮನೆ: 6. ಬೇಸಿಗೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಚಳಿಗಾಲದಲ್ಲಿ ತೊಂದರೆ ಏನೆಂದರೆ, ನಾಲ್ಕೈದು ದಿನ ಖಾಲಿ ಬಿದ್ದ ಕಲ್ಲಿನ ಗೋಡೆ ಬೆಚ್ಚಗಾಗಲು ಒಂದು ಸಂಜೆ ಸಾಲದು. ಗಾಳಿ ಬಿಸಿಯಾದರೂ ಗೋಡೆ ತಣ್ಣಗೇ ಇದ್ದು ಮೈಯ ಶಾಖ ಎಳೆದುಕೊಳ್ಳುತ್ತದೆ. ಹಿಂದಿನ ದಿನದಿಂದಲೇ ಮನೆ ಕಾಯಿಸಿಡಲು ಮಾಲೀಕರು ಒಪ್ಪಿದರೆ ಮಾತ್ರ ಚಳಿಯಲ್ಲಿ ತೆಗೆದುಕೊಳ್ಳಿ, ಮಗುವಿನ ಮಂಚವನ್ನು ಹೊರಗೋಡೆಗೆ ತಾಗಿಸದೆ ಒಳಗೋಡೆಯ ಕಡೆ ಇಡಿ.

ಮಾಲೀಕರು ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿರುವ, ಒಂದೇ ಅಂತಸ್ತಿನ, ಬಿಡಿಯಾದ ಪುಟ್ಟ ಕಾಟೇಜು: 9. ನಮ್ಮ ಆಯ್ಕೆ ಇದೇ. ಫೋಟೊದಲ್ಲಿ ಇದು ಮಂಕಾಗಿ ಕಾಣುತ್ತದೆ. ಶೀಟು ಅಥವಾ ಹೆಂಚಿನ ಮಾಡು, ಎದುರಿಗೆ ಕಣಿವೆಯ ಬದಲು ಮರಗಳು. ಆದರೆ ಕಾರು ಬಾಗಿಲಿಗೇ ಬರುತ್ತದೆ, ಮಗು ರಾತ್ರಿ ಅತ್ತರೆ ಪಕ್ಕದ ಕೋಣೆಯವರ ಮುಜುಗರವಿಲ್ಲ, ಕರೆಂಟು ಹೋದರೆ ಬಿಸಿನೀರಿಗೆ ಇನ್ನೊಂದು ಒಲೆ ಹತ್ತಿರದಲ್ಲೇ ಇದೆ, ರಾತ್ರಿ ಎರಡು ಗಂಟೆಗೆ ದಾರಿ ಬಲ್ಲ ಒಬ್ಬರ ನೆರವು ಸಿಗುತ್ತದೆ. ಒಂದು ಅಂಕ ಕಡಿಮೆ ಮಾಡಿದ್ದು ಇಂಥ ಕಡೆ ಸಾಮಾನ್ಯವಾಗಿ ಇರುವ ಸಾಕುನಾಯಿಗಾಗಿ. ಅದು ಎಷ್ಟೇ ಸಾಧುವಾದರೂ, ಎಂದೂ ಅಂಬೆಗಾಲಿಡುವ ಮಗುವನ್ನು ನೋಡದ ನಾಯಿ ಹೇಗೆ ನಡೆದುಕೊಳ್ಳುತ್ತದೆ ಎಂದು ಹೇಳಲಾಗದು. ಕಟ್ಟಿ ಹಾಕುತ್ತೀರಾ ಅಂತ ಮುಂಚೆಯೇ ಕೇಳಿ.

ಎತ್ತರ ಮತ್ತು ಜಾಗ

ಮನೆ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎತ್ತರದಲ್ಲಿದೆ ಎಂಬುದನ್ನು ಬುಕ್ಕಿಂಗ್ ಪುಟದಲ್ಲಿ ಬರೆದಿರುವುದು ಅಪರೂಪ. ಕೇಳಿ ತಿಳಿದುಕೊಳ್ಳಿ, ಅಥವಾ ನಕಾಶೆಯಲ್ಲಿ ನೋಡಿ. ಪ್ರತಿ 1000 ಮೀಟರ್ ಏರಿದಂತೆ ಗಾಳಿ ಸರಾಸರಿ 6.5 ಡಿಗ್ರಿ ತಣ್ಣಗಾಗುತ್ತದೆ, ಬಿಸಿಲಿನ ನೇರಳಾತೀತ ಕಿರಣ ಶೇ 10ರಿಂದ 12ರಷ್ಟು ತೀಕ್ಷ್ಣವಾಗುತ್ತದೆ. ಚಳಿ ಇದೆ, ಆದ್ದರಿಂದ ಬಿಸಿಲು ಸುಡುವುದಿಲ್ಲ ಅಂದುಕೊಂಡರೆ ಅಲ್ಲೇ ತಪ್ಪುವುದು. ಆರು ತಿಂಗಳೊಳಗಿನ ಮಗುವಿಗೆ ಸನ್‌ಸ್ಕ್ರೀನ್‌ಗಿಂತ ನೆರಳು, ಅಗಲ ಅಂಚಿನ ಟೋಪಿ, ಉದ್ದ ತೋಳಿನ ಹತ್ತಿ ಅಂಗಿಯೇ ಸರಿ. ಅಂದಮೇಲೆ ಹತ್ತಿರದ ದಾರಿಗಳಲ್ಲಿ ಮರದ ನೆರಳಿದೆಯೇ ಎಂಬುದೂ ಮನೆ ಆರಿಸುವ ಲೆಕ್ಕಕ್ಕೇ ಸೇರುತ್ತದೆ.

ರಾತ್ರಿ ತಂಗುವ ಎತ್ತರ 2000 ಮೀಟರ್ ಮೀರದಿರಲಿ ಎಂಬುದು ನಮ್ಮ ಸಲಹೆ. ಎತ್ತರದ ಕಾಯಿಲೆ ಹೆಚ್ಚಾಗಿ ಕಾಣುವುದು 2500 ಮೀಟರ್ ದಾಟಿದ ಮೇಲೆ. ದೊಡ್ಡವರಾದರೆ ತಲೆನೋವು ಅನ್ನುತ್ತಾರೆ, ಮಗು ಅನ್ನುವುದಿಲ್ಲ. ಏನು ಮಾಡಿದರೂ ನಿಲ್ಲದ ಅಳು, ಹಾಲು ಬೇಡವೆನ್ನುವುದು, ಆಟ ಬಿಟ್ಟು ಮಂಕಾಗುವುದು, ವಾಂತಿ, ಕೆಟ್ಟ ನಿದ್ದೆ, ಇವಷ್ಟೇ ಗುರುತು. ಇವೆಲ್ಲ ಹಲ್ಲು ಬರುವಾಗ, ನೆಗಡಿಯಾದಾಗಲೂ ಇರುತ್ತವೆ, ಅದಕ್ಕೇ ಗೊಂದಲ. ಏರಿದ ಮೊದಲೆರಡು ದಿನದಲ್ಲಿ ಇವು ಕಂಡರೆ ಎತ್ತರವೇ ಕಾರಣ ಅಂದುಕೊಂಡು ಕೆಳಗಿಳಿಯಿರಿ. ನಾಳೆ ಬೆಳಿಗ್ಗೆ ನೋಡೋಣ ಅನ್ನುವುದು ಬೇಡ. ದಿನ ತುಂಬುವ ಮೊದಲೇ ಹುಟ್ಟಿದ ಮಗು, ಹೃದಯದ ಅಥವಾ ಶ್ವಾಸಕೋಶದ ತೊಂದರೆಯಿರುವ ಮಗು ಆದರೆ ಬುಕ್ ಮಾಡುವ ಮೊದಲು ಮಕ್ಕಳ ವೈದ್ಯರನ್ನು ಕೇಳಲೇಬೇಕು.

ಇನ್ನೊಂದು ವಿಷಯವನ್ನು ಜನ ಗಮನಿಸುವುದೇ ಇಲ್ಲ. ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ಕಣಿವೆಯ ತಳದಲ್ಲಿ ತುಂಬಿಕೊಳ್ಳುತ್ತದೆ. ಹೊಳೆಯ ದಡದ ಮನೆಯಲ್ಲಿ ರಾತ್ರಿ ಚಳಿಯೂ ಹೆಚ್ಚು, ಬೆಳಗಿನ ಮಂಜೂ ಹೆಚ್ಚು. ತಳದಿಂದ ಸ್ವಲ್ಪ ಮೇಲೆ ಇಳಿಜಾರಿನ ಮಧ್ಯದಲ್ಲಿರುವ ಮನೆ ಅದಕ್ಕಿಂತ ಬೆಚ್ಚಗಿರುತ್ತದೆ. ಹೊಳೆಗೆ ಬೇಲಿಯೂ ಇರುವುದಿಲ್ಲ. ನೀರಿನ ಸದ್ದಿಗೆ ಮಗು ಚೆನ್ನಾಗಿ ಮಲಗುತ್ತದೆ ಎಂಬುದು ನಿಜ, ಆದರೆ ಆ ಸದ್ದು ನೂರು ಮೀಟರ್ ಆಚೆಗೂ ಕೇಳಿಸುತ್ತದೆ. ಅಲ್ಲಿರುವ ಮನೆ ಹಿಡಿಯಿರಿ.

‘ಸುಲಭದ ದಾರಿ’ ಅಂದರೆ ಎಷ್ಟು ಸುಲಭ?

‘ಹತ್ತಿರದಲ್ಲೇ ಸುಲಭದ ಟ್ರೇಲ್’ ಎಂದು ಬರೆದಿದ್ದರೆ ಅದು ಬೆನ್ನ ಮೇಲೆ ಏನೂ ಇಲ್ಲದ ದೊಡ್ಡವರ ಮಾತು. ಇಲ್ಲಿ ಲೆಕ್ಕ ಬೇರೆ. ಮಗು 8 ಕೆ.ಜಿ., ಫ್ರೇಮ್ ಇರುವ ಕ್ಯಾರಿಯರ್ ಸುಮಾರು 3.5 ಕೆ.ಜಿ., ನೀರು, ಡೈಪರ್, ಬಟ್ಟೆ ಸೇರಿ 3 ಕೆ.ಜಿ. ಅಂದರೆ ಬೆನ್ನ ಮೇಲೆ ಹದಿನಾಲ್ಕೂವರೆ.

ಸಮಯದ ಅಂದಾಜಿಗೆ ಸ್ಕಾಟ್‌ಲ್ಯಾಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ: ಸಮತಟ್ಟಿನಲ್ಲಿ ಗಂಟೆಗೆ ಸುಮಾರು 5 ಕಿ.ಮೀ., ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಒಟ್ಟು 4 ಕಿ.ಮೀ. ದಾರಿ, 150 ಮೀಟರ್ ಏರು ಅಂದರೆ 48 ನಿಮಿಷಕ್ಕೆ 15 ಸೇರಿಸಿ 63 ನಿಮಿಷ. ಮಗುವಿದ್ದರೆ ಇದನ್ನು ಇಮ್ಮಡಿ ಮಾಡಿ. ಹಾಲು ಕುಡಿಸಲು, ಬಟ್ಟೆ ಬದಲಿಸಲು, ಟೋಪಿ ಬಿದ್ದದ್ದನ್ನು ಹುಡುಕಲು ನಿಲ್ಲುವುದೆಲ್ಲ ಅದರಲ್ಲೇ ಬಂತು. ಆರು ತಿಂಗಳ ಮಗು ಒಂದು ನಿದ್ದೆಯಿಂದ ಇನ್ನೊಂದಕ್ಕೆ ಎರಡರಿಂದ ಮೂರು ಗಂಟೆ ಎಚ್ಚರವಿರುತ್ತದೆ. ಈ ನಾಲ್ಕು ಕಿಲೋಮೀಟರ್ ಅದರೊಳಗೆ ಮುಗಿಯುತ್ತದೆ, ಆರು ಕಿಲೋಮೀಟರ್ ಮುಗಿಯುವುದಿಲ್ಲ. ದಾರಿಯ ತುದಿಗೆ ಕಾರಿನಲ್ಲಿ ಅರ್ಧ ಗಂಟೆ ಹೋಗಬೇಕು ಎಂದಾದರೆ ಹೋಗಿ ಬರುವುದರಲ್ಲೇ ಒಂದು ಗಂಟೆ ಕಳೆಯಿತು. ಮನೆ ಬಾಗಿಲಿನಿಂದಲೇ ಹೊರಡುವ ಸಾಧಾರಣ ದಾರಿ, ದೂರದ ಪ್ರಸಿದ್ಧ ದಾರಿಗಿಂತ ಮೇಲು ಎಂದು ನಾವು ಪಟ್ಟು ಹಿಡಿಯುವುದು ಇದಕ್ಕೇ.

ಸುತ್ತಿ ಬರುವ ದಾರಿಗಿಂತ ಹೋದ ದಾರಿಯಲ್ಲೇ ಮರಳುವುದು ಮಗುವಿದ್ದಾಗ ವಾಸಿ. ಎಲ್ಲಿ ಅಳು ಶುರುವಾಯಿತೋ ಅಲ್ಲಿಂದ ತಿರುಗಬಹುದು, ಮುಂದೆ ಏನಿದೆ ಎಂಬ ಅನಿಶ್ಚಿತತೆ ಇರುವುದಿಲ್ಲ. ಸುತ್ತು ದಾರಿಯಲ್ಲಿ ಅರ್ಧ ದಾಟಿದ ಮೇಲೆ ಹಿಂದಕ್ಕೂ ಮುಂದಕ್ಕೂ ಅಷ್ಟೇ ದೂರ.

ಇಳಿಜಾರನ್ನು ಮನೆಯಲ್ಲೇ ಕೂತು ಅಳೆಯಬಹುದು. 1:25,000 ಅಳತೆಯ ನಕಾಶೆಯಲ್ಲಿ ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು, 10 ಮೀಟರ್ ಎತ್ತರಕ್ಕೆ ಒಂದರಂತೆ ಇದ್ದರೆ, ದಾರಿಯ ಉದ್ದಕ್ಕೆ ಎರಡು ಗೆರೆಗಳ ನಡುವೆ 8 ಮಿ.ಮೀ. ಸಿಕ್ಕಿದರೆ ಶೇ 5ರ ಏರು, 4 ಮಿ.ಮೀ. ಸಿಕ್ಕಿದರೆ ಶೇ 10. ಸ್ಟ್ರೋಲರ್ ನೂಕಲು ಶೇ 5ರವರೆಗೆ ಹಿತ. ಶೇ 10ರ ಇಳಿಕೆಯಲ್ಲಿ ಅದು ಕೈ ಜಗ್ಗುತ್ತದೆ, ಸ್ಟ್ರೋಲರ್‌ನ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳದೆ ಇಳಿಯಬೇಡಿ. ಸ್ಟ್ರೋಲರ್ ಒಯ್ಯುವುದಾದರೆ ಗಾಳಿ ತುಂಬಿದ ದೊಡ್ಡ ಚಕ್ರದ್ದನ್ನೇ ಒಯ್ಯಿರಿ. ಮಾಲ್‌ನಲ್ಲಿ ಓಡಾಡುವ ಸಣ್ಣ ಗಟ್ಟಿ ಚಕ್ರ ಮೊದಲ ಬೇರಿಗೇ ಸಿಕ್ಕಿ ನಿಲ್ಲುತ್ತದೆ, ಮಗುವಿನ ತಲೆ ಮುಂದಕ್ಕೆ ಜೋಲುತ್ತದೆ. ದಾರಿಗೆ ಅಡ್ಡವಾಗಿ ತಿರುಗುಗೇಟು, ಕಿರುಸೇತುವೆ, ಮೆಟ್ಟಿಲು ಇವೆಯೇ ಎಂದು ಮಾಲೀಕರನ್ನು ಕೇಳುವಾಗ ‘ಸ್ಟ್ರೋಲರ್ ಹೋಗುತ್ತದೆಯೇ’ ಎನ್ನಬೇಡಿ. ಹೋಗುತ್ತದೆ ಎಂದೇ ಉತ್ತರ ಬರುತ್ತದೆ. ‘ಎರಡು ಚಕ್ರದ ತಳ್ಳುಗಾಡಿ ಎಲ್ಲಿಯವರೆಗೆ ಹೋಗುತ್ತದೆ’ ಎಂದು ಕೇಳಿ, ಆಗ ನಿಜವಾದ ಜಾಗ ಹೇಳುತ್ತಾರೆ.

ಕ್ಯಾರಿಯರ್ ಬಗ್ಗೆ ಎರಡು ಮಾತು. ಫ್ರೇಮ್ ಇರುವ ಬೆನ್ನಿನ ಕ್ಯಾರಿಯರ್, ಆಸರೆಯಿಲ್ಲದೆ ಕೂರಲು ಕಲಿತ ಮಗುವಿಗೆ ಮಾತ್ರ, ಅಂದರೆ ಸುಮಾರು ಆರು ತಿಂಗಳಾದ ಮೇಲೆ, ತೂಕ 7 ಕೆ.ಜಿ. ದಾಟಿದ ಮೇಲೆ. ಅದಕ್ಕಿಂತ ಸಣ್ಣ ಕೂಸಿಗೆ ಎದೆಗೆ ಕಟ್ಟಿಕೊಳ್ಳುವ ಮೆತ್ತನೆಯದು. ಅದರಲ್ಲಿ ಮಗುವಿನ ಮುಖ ಸದಾ ಕಾಣುತ್ತಿರಬೇಕು, ನೆತ್ತಿಗೆ ಮುತ್ತಿಡುವಷ್ಟು ಎತ್ತರದಲ್ಲಿರಬೇಕು, ಗದ್ದ ಎದೆಗೆ ಒತ್ತಿರಬಾರದು: ಗದ್ದದ ಕೆಳಗೆ ಒಂದು ಬೆರಳು ಆಡುವಷ್ಟು ಜಾಗ ಬೇಕು. ಎದೆಗೆ ಕಟ್ಟಿದಾಗ ನಡೆಯುವವರಿಗೆ ತಮ್ಮ ಪಾದ ಕಾಣುವುದಿಲ್ಲ. ಎಡವುವುದು ಹೆಚ್ಚಾಗಿ ಇಳಿಯುವಾಗಲೇ. ಒಂದು ಊರುಗೋಲು ಜತೆಗಿರಲಿ, ಒದ್ದೆ ಕಲ್ಲಿನ ಇಳಿಕೆ ಇರುವ ದಾರಿಯನ್ನು ಬಿಟ್ಟೇ ಬಿಡಿ. ಬೆನ್ನಿನ ಕ್ಯಾರಿಯರ್‌ನಲ್ಲಿ ಮಗುವಿನ ಪಾದ ನೇತಾಡುತ್ತ ತಣ್ಣಗಾಗುತ್ತದೆ. ಹೊತ್ತವರು ಬೆವರುತ್ತಿರುತ್ತಾರೆ, ಮಗು ಮಾತ್ರ ಅಲುಗಾಡದೆ ಕೂತಿರುತ್ತದೆ, ಅದರ ಚಳಿ ಹೊತ್ತವರಿಗೆ ಗೊತ್ತಾಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಇಳಿಸಿ ಪಾದ ಮುಟ್ಟಿ, ಕತ್ತಿನ ಹಿಂಭಾಗ ಮುಟ್ಟಿ, ಒಂದೈದು ನಿಮಿಷ ಕಾಲು ಬಡಿಯಲು ಬಿಡಿ.

ಮಳೆ ಬಂದ ಮೇಲೆ ಹುಲ್ಲಿನ ದಾರಿಯಲ್ಲಿ ಇಂಬಳ, ಉಣುಗು ಎರಡೂ ಇರಬಹುದು. ಮರಳಿದ ಕೂಡಲೇ ಮಗುವಿನ ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ ನೋಡಿ. ಡೀಟ್ ಇರುವ ಕೀಟನಿವಾರಕ ಎರಡು ತಿಂಗಳೊಳಗಿನ ಮಗುವಿಗೆ ಬೇಡವೇ ಬೇಡ. ದೊಡ್ಡ ಮಗುವಿಗೂ ಅಂಗೈಗೆ ಹಚ್ಚಬೇಡಿ, ಅದು ನೇರ ಬಾಯಿಗೆ ಹೋಗುತ್ತದೆ.

ಮಲಗುವ ಕೋಣೆ

‘ಮಗುವಿನ ಮಂಚ ಇದೆ’ ಎಂಬ ಒಂದು ಗುರುತು ನೋಡಿ ಬುಕ್ ಮಾಡುವವರೇ ಹೆಚ್ಚು. ಆ ಮಂಚ ಯಾರದೋ ಮಕ್ಕಳು ಬಿಟ್ಟ ಇಪ್ಪತ್ತು ವರ್ಷ ಹಳೆಯದಾಗಿರಬಹುದು. ಒಂದು ಬದಿ ಕೆಳಗೆ ಜಾರುವ ಮಂಚಗಳನ್ನು, ಜಾರುಪಟ್ಟಿ ಕಳಚಿ ಮಕ್ಕಳು ಸಿಕ್ಕಿಕೊಂಡ ಕಾರಣ, ಅಮೆರಿಕದಲ್ಲಿ 2011ರಲ್ಲೇ ಮಾರದಂತೆ ನಿಷೇಧಿಸಿದರು. ಅಂಥದ್ದು ಇನ್ನೂ ಎಷ್ಟೋ ಮನೆಗಳ ಅಟ್ಟದಲ್ಲಿದೆ. ಮಂಚದ ಫೋಟೊ ತರಿಸಿಕೊಳ್ಳಿ. ಸರಳುಗಳ ನಡುವಿನ ಸಂದು 6 ಸೆಂ.ಮೀ. ಮೀರಬಾರದು, ತಂಪು ಪಾನೀಯದ ಡಬ್ಬಿ ತೂರುವಂತಿದ್ದರೆ ಸಂದು ದೊಡ್ಡದಾಯಿತು. ಹಾಸಿಗೆ ಮತ್ತು ಚೌಕಟ್ಟಿನ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು. ಹಾಸಿಗೆ ಗಟ್ಟಿಯಾಗಿ, ಚಪ್ಪಟೆಯಾಗಿ ಇರಬೇಕು.

ಮಡಚುವ ಟ್ರಾವೆಲ್ ಕಾಟ್ ಕೊಡುವ ಕಡೆ ಒಂದು ತಪ್ಪು ಪದೇ ಪದೇ ನಡೆಯುತ್ತದೆ. ಅದರ ತಳದ ಹಾಸು ತೆಳುವಾಗಿದೆ, ಮಗುವಿಗೆ ಒತ್ತುತ್ತದೆ ಅಂತ ಮರುಕಪಟ್ಟು ಮೇಲೊಂದು ಮೆತ್ತನೆಯ ಹಾಸಿಗೆ ಹಾಕಿಡುತ್ತಾರೆ. ಕಾಟ್‌ನ ಬದಿಗಳು ಬಲೆಯವು, ಒತ್ತಿದರೆ ಹಿಗ್ಗುತ್ತವೆ. ಮಗು ಹೊರಳಿ ಎರಡನೇ ಹಾಸಿಗೆ ಮತ್ತು ಬಲೆಯ ನಡುವೆ ಮುಖ ಸಿಕ್ಕಿಸಿಕೊಳ್ಳುವ ಅಪಾಯ ಇದೆ. ಆ ಹಾಸಿಗೆಯನ್ನು ತೆಗೆದುಬಿಡಿ. ತೆಳು ಹಾಸು ತೆಳುವಾಗಿರುವುದೇ ಸರಿ. ದಿಂಬು, ಸಡಿಲ ಕಂಬಳಿ, ಬೊಂಬೆ ಒಂದೂ ಬೇಡ. ಮಗುವನ್ನು ಬೆನ್ನ ಮೇಲೆ ಮಲಗಿಸಿ. ದಾರಿಯಲ್ಲಿ ಕಾರ್ ಸೀಟಿನಲ್ಲಿ ನಿದ್ದೆ ಹೋದ ಮಗುವನ್ನು, ಎದ್ದೀತು ಅಂತ, ಸೀಟಿನ ಸಮೇತ ತಂದು ಒಳಗೆ ಇಟ್ಟು ರಾತ್ರಿ ಕಳೆಯುವುದು ಕೂಡ ಬೇಡ. ಕೂತ ಭಂಗಿಯಲ್ಲಿ ತಲೆ ಮುಂದಕ್ಕೆ ಬಿದ್ದರೆ ಉಸಿರಿನ ದಾರಿ ಕಿರಿದಾಗುತ್ತದೆ.

ಕೋಣೆಯ ಶಾಖ 16ರಿಂದ 20 ಡಿಗ್ರಿ ಇದ್ದರೆ ಮಗುವಿಗೆ ಹಿತ. ಇದಕ್ಕೆ 2.5 ಟಾಗ್‌ನ (ಟಾಗ್ ಎಂದರೆ ಬಟ್ಟೆ ಎಷ್ಟು ಬೆಚ್ಚಗಿಡುತ್ತದೆ ಎಂಬುದರ ಅಳತೆ) ಸ್ಲೀಪಿಂಗ್ ಸ್ಯಾಕ್, ಅಂದರೆ ಮಗುವಿಗೆ ತೊಡಿಸುವ ಮಲಗುಚೀಲ, ಒಳಗೊಂದು ಉದ್ದ ತೋಳಿನ ಅಂಗಿ ಸಾಕು. ಟೋಪಿ ಹಾಕಿ ಮಲಗಿಸಬೇಡಿ. ಬೆಟ್ಟದ ಮನೆಗಳಲ್ಲಿ ಹೀಟರ್ ಮಲಗುವಾಗ ಕೋಣೆಯನ್ನು 25 ಡಿಗ್ರಿ ಮಾಡಿ, ಬೆಳಗಿನ ಜಾವಕ್ಕೆ 12ಕ್ಕೆ ಇಳಿಸುವುದು ಮಾಮೂಲು. ಆ ಏರುಪೇರೇ ಮಗುವನ್ನು ಎಬ್ಬಿಸುವುದು. ಥರ್ಮೊಸ್ಟಾಟ್ ಇರುವ ಹೀಟರ್ ಇದೆಯೇ, ಕರೆಂಟು ಹೋದರೆ ಬದಲಿ ವ್ಯವಸ್ಥೆ ಅದನ್ನು ನಡೆಸುತ್ತದೆಯೇ ಎಂದು ಕೇಳಿ. ಇನ್ವರ್ಟರ್ ಇದೆ ಅನ್ನುತ್ತಾರೆ. ಅದು ಹೆಚ್ಚಿನ ಕಡೆ ದೀಪ, ಫ್ಯಾನಿಗೆ ಮಾತ್ರ.

ಬೆಂಕಿಯ ವಿಷಯದಲ್ಲಿ ರಾಜಿಯೇ ಇಲ್ಲ. ಹೊಗೆಕೊಳವೆ ಇಲ್ಲದ ಕೆಂಡದ ಪಾತ್ರೆ, ಗ್ಯಾಸ್ ಹೀಟರ್, ಸೀಮೆಎಣ್ಣೆ ಹೀಟರ್ ಇರುವ ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಬಚ್ಚಲೊಳಗೇ ಗ್ಯಾಸ್ ಗೀಸರ್ ಕೂರಿಸಿ ಕಿಟಕಿ ಮುಚ್ಚಿರುವ ಮನೆಯೂ ಇದೇ ಸಾಲಿಗೆ ಸೇರುತ್ತದೆ. ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಅಂಗೈಯಗಲದ ವಸ್ತು, ಮನೆಯಲ್ಲಿ ಇದ್ದರೂ ಇಲ್ಲದಿದ್ದರೂ ನಿಮ್ಮದೊಂದು ಜತೆಗಿರಲಿ. ಸೌದೆಯ ಸ್ಟವ್ ಇದ್ದರೆ ಸುತ್ತ ಗೋಡೆಗೆ ಬಿಗಿದ ಜಾಲರಿ ಬೇಕು, ಮಗು ಕೈ ಚಾಚಿದರೂ ಕಬ್ಬಿಣ ಸಿಗದಷ್ಟು ದೂರದಲ್ಲಿ. ಬೆಂಕಿ ಆರಿದ ಮೇಲೂ ಅದರ ಗಾಜು ಬಹಳ ಹೊತ್ತು ಸುಡುತ್ತಿರುತ್ತದೆ.

ನೀರು, ಹಾಲು, ಬಚ್ಚಲು

ಎತ್ತರ ಏರಿದಂತೆ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ, ಹೆಚ್ಚು ಕಡಿಮೆ 300 ಮೀಟರ್‌ಗೆ ಒಂದು ಡಿಗ್ರಿ. ಝರಿಯ ಅಥವಾ ಟ್ಯಾಂಕಿನ ನೀರನ್ನು ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದರೆ ಸಾಕು. 2000 ಮೀಟರ್ ಮೇಲೆ ಮೂರು ನಿಮಿಷ ಕುದಿಸಬೇಕು. ನೀರು ಕದಡಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಿ ತಿಳಿಯಾಗಲು ಬಿಡಿ. ಪುಡಿ ಹಾಲು ಕೊಡುವವರು ಗಮನಿಸಿ: ಪುಡಿಯೇ ಪೂರ್ತಿ ಸೂಕ್ಷ್ಮಾಣುರಹಿತ ಅಲ್ಲ, ಆದ್ದರಿಂದ ಕನಿಷ್ಠ 70 ಡಿಗ್ರಿಯ ನೀರಿನಲ್ಲಿ ಕಲಸಿ, ಆಮೇಲೆ ಆರಿಸಿ ಕೊಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಹಿಂಡಿ ತೆಗೆದ ಎದೆಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ ನಿಲ್ಲುತ್ತದೆ. ಬೆಟ್ಟದ ಮನೆಗಳ ಪುಟ್ಟ ಫ್ರಿಜ್‌ಗಳನ್ನು ಅತಿಥಿ ಬಂದಾಗಷ್ಟೇ ಹಾಕುತ್ತಾರೆ, ತಣ್ಣಗಾಗಲು ಗಂಟೆಗಳೇ ಬೇಕು. ಬೆಳಿಗ್ಗೆಯೇ ಹಾಕಿಡಲು ಹೇಳಿ.

ಬಿಸಿನೀರಿನ ನಲ್ಲಿಯನ್ನು ಮಗುವನ್ನು ಇಳಿಸುವ ಮೊದಲು ಪರೀಕ್ಷಿಸಿ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡಿನಲ್ಲಿ ಸುಡುತ್ತದೆ, ಮಗುವಿನದು ಇನ್ನೂ ತೆಳು. ಗೀಸರ್ ಸೆಟ್ಟಿಂಗ್ 49 ಡಿಗ್ರಿಗೆ ಇಳಿಸಿ, ಸ್ನಾನದ ನೀರು 37ರಿಂದ 38 ಇರಲಿ. ಬಚ್ಚಲಲ್ಲಿ ತುಂಬಿದ ಬಕೆಟ್ ಬಿಡಬೇಡಿ. ಐದು ಸೆಂಟಿಮೀಟರ್ ನೀರು ಸಾಕು ಮಗು ಮುಳುಗಲು.

ಮಂಜು ಕವಿದ ದಿನಗಳಲ್ಲಿ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಬಟ್ಟೆಯ ಲಂಗೋಟಿ ನೆಚ್ಚಿಕೊಂಡು ಹೋಗಬೇಡಿ. ದಿನಕ್ಕೆ ಎಂಟು ಡೈಪರ್ ಲೆಕ್ಕ ಹಾಕಿ, ಒಂದು ದಿನದ್ದು ಹೆಚ್ಚುವರಿ. ವೈಪ್ಸ್ ಸೆಪ್ಟಿಕ್ ಟ್ಯಾಂಕಿಗೆ ಹೋದರೆ ಪೈಪು ಕಟ್ಟಿಕೊಳ್ಳುತ್ತದೆ. ಬಳಸಿದ ಡೈಪರ್‌ಗಳನ್ನು ಅಲ್ಲಿ ಸುಡುತ್ತಾರೆ ಅಥವಾ ಹಿತ್ತಿಲಲ್ಲಿ ಹೂಳುತ್ತಾರೆ ಎಂದಾದರೆ, ಎರಡು ಪದರ ಚೀಲದಲ್ಲಿ ಕಟ್ಟಿ ಕೆಳಗೆ ತನ್ನಿ. ಹೊರಗೆ ಇಟ್ಟರೆ ರಾತ್ರಿ ಪ್ರಾಣಿಗಳು ಎಳೆದಾಡುತ್ತವೆ.

ಬುಕ್ ಮಾಡುವ ಮುನ್ನ, ಮುಟ್ಟಿದ ಮೇಲೆ

ಪ್ರಶ್ನೆಗಳ ಪಟ್ಟಿ ಕಳಿಸುವುದಕ್ಕಿಂತ ಒಂದು ವಿಡಿಯೊ ಕೇಳುವುದು ಒಳ್ಳೆಯದು: ಕಾರು ನಿಲ್ಲುವ ಜಾಗದಿಂದ ಹೊರಟು, ಬಾಗಿಲು ದಾಟಿ, ಹಾಸಿಗೆಯವರೆಗೆ, ನಡುವೆ ಎಲ್ಲೂ ನಿಲ್ಲಿಸದೆ. ಒಂದೇ ನಿಮಿಷದ ವಿಡಿಯೊ. ಮೆಟ್ಟಿಲೆಷ್ಟು, ಕಟಕಟೆ ಹೇಗಿದೆ, ಕಿಟಕಿಗೆ ಸರಳಿದೆಯೇ, ಒಲೆ ಎಲ್ಲಿದೆ ಎಲ್ಲ ಕಾಣುತ್ತದೆ. ಕಳಿಸಲು ಹಿಂಜರಿದರೆ ಆ ಮನೆ ಬಿಡಿ. ಕಟಕಟೆಯ ಸಂದು 10 ಸೆಂ.ಮೀ. ಒಳಗಿರಬೇಕು, ಅಡ್ಡಪಟ್ಟಿಯ ಕಟಕಟೆ ಮಗುವಿಗೆ ಏಣಿ ಇದ್ದ ಹಾಗೆ, ನೆಟ್ಟಪಟ್ಟಿಯದೇ ಸರಿ. ಆಸ್ಪತ್ರೆ ಎಷ್ಟು ದೂರ ಎಂದು ಕೇಳಬೇಡಿ, ರಾತ್ರಿ ಮಳೆಯಲ್ಲಿ ಎಷ್ಟು ಹೊತ್ತು ಎಂದು ಕೇಳಿ. 45 ನಿಮಿಷ ಮೀರಿದರೆ ನಾವು ಬೇಡ ಎನ್ನುತ್ತೇವೆ. ಯಾವ ಕಂಪನಿಯ ಸಿಗ್ನಲ್ ಮನೆಯೊಳಗೆ ಸಿಗುತ್ತದೆ ಎಂಬುದನ್ನೂ ಕೇಳಿಡಿ.

ಮುಟ್ಟಿದ ಮೇಲೆ ಚೀಲ ಬಿಚ್ಚುವ ಮೊದಲು ಹತ್ತು ನಿಮಿಷ ಕೊಡಿ. ಒಬ್ಬರು ಮಗುವನ್ನು ಎತ್ತಿಕೊಂಡಿರಲಿ, ಇನ್ನೊಬ್ಬರು ನೆಲದ ಮೇಲೆ ಅಂಬೆಗಾಲಿಟ್ಟೇ ಮನೆ ಸುತ್ತಲಿ. ನಿಂತಾಗ ಕಾಣದ್ದು ಆಗ ಕಾಣುತ್ತದೆ: ಮಂಚದಡಿಯ ಇಲಿಪಾಷಾಣದ ತಟ್ಟೆ, ಕಿಟಕಿಯ ಪರದೆಯಿಂದ ಇಳಿಬಿದ್ದ ಹಗ್ಗದ ಕುಣಿಕೆ, ಮೊಳೆ ಎದ್ದ ಹಲಗೆ, ಎಳೆದರೆ ಬೀಳುವ ಕೆಟಲ್ ವೈರು. ಅಲಾರ್ಮ್‌ನ ಗುಂಡಿ ಒತ್ತಿ ಸದ್ದು ಬರುತ್ತದೆಯೇ ನೋಡಿ. ಥರ್ಮಾಮೀಟರನ್ನು ಮಗುವಿನ ಮಂಚದ ಎತ್ತರದಲ್ಲಿ ಇಟ್ಟು ಸಂಜೆ ಒಮ್ಮೆ, ಮಲಗುವ ಮುನ್ನ ಒಮ್ಮೆ ಓದಿ. ಜಗಲಿಯ ಸಂದು ದೊಡ್ಡದಿದ್ದರೆ ಆ ಬಾಗಿಲಿನ ಮೇಲಿನ ಚಿಲಕ ಹಾಕಿ, ನೀವು ಅಲ್ಲಿರುವಷ್ಟು ದಿನವೂ ಅದು ಹಾಗೇ ಇರಲಿ.

ಘಾಟಿ ಏರುವಾಗ ಒಂದು ಸಣ್ಣ ಸಂಗತಿ. ಕೆಳಗೆ ಬಿಗಿಯಾಗಿ ಮುಚ್ಚಿದ ಹಾಲಿನ ಬಾಟಲಿಯೊಳಗಿನ ಗಾಳಿ ಮೇಲೆ ಹೋದಂತೆ ಹಿಗ್ಗುತ್ತದೆ, ಮುಚ್ಚಳ ತೆಗೆದ ಕೂಡಲೇ ನಿಪ್ಪಲ್‌ನಿಂದ ಹಾಲು ಚಿಮ್ಮುತ್ತದೆ. ಮೊದಲು ಬಾಟಲಿಯ ತಿರುಪನ್ನು ಸ್ವಲ್ಪ ಸಡಿಲಿಸಿ ಗಾಳಿ ಬಿಡಿ, ಆಮೇಲೆ ಬಿಗಿ ಮಾಡಿ ಕುಡಿಸಿ. ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಿ ಮಗುವನ್ನು ಸೀಟಿನಿಂದ ಎತ್ತಬೇಕು. ಇಳಿಯುವಾಗ ಕಿವಿ ಕಟ್ಟುವುದು ಹೆಚ್ಚು, ನುಂಗಿದರೆ ಬಿಡುತ್ತದೆ; ಒಂದು ಹೊತ್ತಿನ ಹಾಲನ್ನು ಇಳಿದಾರಿಯಲ್ಲಿ ಕಾರು ನಿಲ್ಲಿಸಿ ಕೊಡುವಂತೆ ಹೊರಡುವ ವೇಳೆ ಹೊಂದಿಸಿಕೊಳ್ಳಿ. ಮಗು ನಿದ್ದೆಯಲ್ಲಿದ್ದರೆ ಅದಕ್ಕಾಗಿ ಎಬ್ಬಿಸಬೇಕಿಲ್ಲ.